ಗೊಂಬೆಯ ಹಳದಿ, ಕಾಗದದ ಹಳದಿ

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸುಹಾನಾಳ ಡಿಟಿಪಿ ಅಂಗಡಿ ಇದೆ. ಒಂದು ಕಡೆ ಚಪ್ಪಲಿ ಅಂಗಡಿ, ಇನ್ನೊಂದು ಕಡೆ ಮೊಬೈಲ್ ರಿಪೇರಿ. ನಡುವೆ ಇವಳದೊಂದು ಗೂಡು. ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. ಊರಿಗೆ ಊರೇ ಬಣ್ಣದ್ದು, ಆದರೆ ಈ ಅಂಗಡಿಯ ಗೋಡೆಗೆ ಮಾತ್ರ ಬೂದು ಬಣ್ಣ. “ಇದೇನಮ್ಮ, ಸಾವಿನ ಮನೆ ಇದ್ದಂಗೈತೆ” ಎಂದು ಬಂದವರೆಲ್ಲ ಮೂಗು ಮುರಿದರು. ಗೋಡೆ ಗುಲಾಬಿಯಾಗಿದ್ದರೆ ಕಂಪ್ಯೂಟರಿನ ಪರದೆಯ ಬಿಳುಪೂ ಗುಲಾಬಿಯಾಗಿ ಕಂಡು ಕಣ್ಣು ಮೋಸಹೋಗುತ್ತದೆ ಎಂದು ಸುಹಾನಾ ಮೊದಮೊದಲು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದಳು. ಆಮೇಲೆ ಸುಮ್ಮನಾದಳು. ಬೂದು ಗೋಡೆಯನ್ನು ಮಾತ್ರ ಬದಲಿಸಲಿಲ್ಲ.

ಅವಳ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಲಗ್ನಪತ್ರಿಕೆಯವರು. ವಾಟ್ಸ್ಯಾಪಿನಲ್ಲಿ ಯಾರದೋ ಮದುವೆಯ ಪತ್ರಿಕೆ ತೋರಿಸಿ, “ಇದೇ ಬಣ್ಣ ಬರಬೇಕು ಕಣಮ್ಮ, ಒಸಿನೂ ಆಚೀಚೆ ಆಗಬಾರದು” ಅನ್ನುವವರು. ಫೋನಿನಲ್ಲಿ ಹೊಳೆಯುವುದು ಬೆಳಕು, ಕಾಗದದ ಮೇಲೆ ಕೂರುವುದು ಇಂಕು, ದೀಪವನ್ನು ತಂದು ಕಾಗದಕ್ಕೆ ಮೆತ್ತಲು ಆಗುವುದಿಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿದೆ. ಕೋಣನ ಮುಂದೆ ಕಿನ್ನರಿ! ಆದರೂ ಅವಳು ಬಿಡುವವಳಲ್ಲ. ಪತ್ರಿಕೆಯ ಕೆಂಪು ಒಂದಿಷ್ಟು ಇಟ್ಟಿಗೆ ಬಣ್ಣಕ್ಕೆ ತಿರುಗಿತೆಂದರೆ ಗಿರಾಕಿ ಖುಷಿಯಾಗಿ ಹೊರಟುಹೋದ ಮೇಲೂ ಇವಳು ಒಳಗೊಳಗೇ ಕುದಿಯುತ್ತಿರುತ್ತಾಳೆ. ಈ ಹಟ ಎಲ್ಲಿಂದ ಬಂತು ಎಂದು ಕೇಳುವುದೇ ಬೇಡ. ಅಪ್ಪನಿಂದ.

ಅಪ್ಪ ಬಾಬಾಜಾನ್ ಮೂವತ್ತು ವರ್ಷದಿಂದ ಗೊಂಬೆ ಕಡೆಯುವವರು. ಗಿರಗಿರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅವರ ಕೈಯಲ್ಲಿ ಅದು ಎಷ್ಟು ಸಲೀಸೆಂದರೆ, ಮರವೇ ಒಳಗಿನಿಂದ ಬಣ್ಣ ಬಿಡುತ್ತಿದೆ ಅನ್ನಿಸಬೇಕು. ಆದರೆ ಇಷ್ಟು ವರ್ಷವೂ ಅವರ ಗೊಂಬೆಗಳು ಹೋದದ್ದು ಬೇರೆಯವರ ಡಬ್ಬಿಯಲ್ಲಿ. ಮೇಲೆ ಅಂಗಡಿಯ ಹೆಸರು, ಒಳಗೆ ಇವರ ಕೆಲಸ. ಬಾಬಾಜಾನ್ ಅದರ ಬಗ್ಗೆ ಒಂದು ದಿನ ಒಂದು ಮಾತು ಆಡಿದವರಲ್ಲ. ಸುಹಾನಾಳಿಗೆ ಮಾತ್ರ ಚಿಕ್ಕಂದಿನಿಂದ ಅದು ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಅಪ್ಪನಿಗೆ ಮಗಳ ಕೆಲಸದ ಮೇಲೆ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. “ಕಾಗದದ ಬಣ್ಣ ಸತ್ತ ಬಣ್ಣ ಬೇಟಿ. ನಮ್ಮ ಗೊಂಬೆ ಫೋಟೋ ಯಾರು ಪ್ರಿಂಟ್ ಮಾಡಿದ್ರೂ ಅಷ್ಟೆ, ಜ್ವರ ಬಂದು ಮಲಗಿರೋ ಥರ ಕಾಣ್ತದೆ” ಅನ್ನುವರು. ಬೈಯುವ ದನಿಯಲ್ಲಿ ಅಂದಿದ್ದರೆ ಜಗಳವಾಡಬಹುದಿತ್ತು. ಅವರು ನಗುತ್ತಾ ಅನ್ನುತ್ತಿದ್ದರು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು.

ಅಂಥದ್ದರಲ್ಲಿ ಈ ಸಲದ ಆರ್ಡರು ಬಂತು. ಬಾಬಾಜಾನ್ ಕಡೆದು ಬಣ್ಣ ಕೊಟ್ಟ ತಲೆದೂಗುವ ಗೊಂಬೆಗಳಿಗೆ ದೊಡ್ಡಮಳೂರಿನ ಹೆಂಗಸರ ಸಂಘದವರು ಕಣ್ಣು ಬರೆದು, ತಲೆ ಸೇರಿಸಿ ಕೊಡುತ್ತಿದ್ದರು. ಹಳದಿ ಮುಖ, ಕೆಂಪು ಮೈ, ಕಪ್ಪು ತುರುಬು, ತಟ್ಟಿದರೆ ತಲೆಯಾಡಿಸುವ ಹೆಣ್ಣುಗೊಂಬೆ. ಬೆಂಗಳೂರಿನಲ್ಲಿ ಮಕ್ಕಳ ಸಾಮಾನಿನ ಅಂಗಡಿಗಳನ್ನು ನಡೆಸುವ ಮನೋಹರ್ ಅದನ್ನು ನೋಡಿ ಮೆಚ್ಚಿ, “ನಮ್ಮ ಡಬ್ಬೀಲಿ ಹಾಕಿ ಮಾರ್ತೀವಿ” ಎಂದ. ಅಲ್ಲೇ ಕೂತಿದ್ದ ಸುಹಾನಾ ಬಾಯಿ ಹಾಕಿದಳು. “ಡಬ್ಬಿ ನಾವೇ ಮಾಡ್ಸಿಕೊಡ್ತೀವಿ ಸರ್. ಅದ್ರ ಮೇಲೆ ಮಾಡಿದೋರ ಹೆಸ್ರು ಇರತ್ತೆ.”

ಮನೋಹರ್ ಒಳ್ಳೆಯವನೇ, ಆದರೆ ವ್ಯಾಪಾರಿ. ಮೊದಲೊಮ್ಮೆ ಬೇರೆ ಯಾರದೋ ಡಬ್ಬಿ ಹಾಕಿ ಕೈ ಸುಟ್ಟುಕೊಂಡಿದ್ದ: ಡಬ್ಬಿಯ ಮೇಲಿನ ಚಿತ್ರವೇ ಒಂದು ಬಣ್ಣ, ಒಳಗಿನ ಆಟಿಕೆಯೇ ಒಂದು ಬಣ್ಣ, ಕೊಂಡವರು ವಾಪಸ್ ತಂದು ಕೌಂಟರಿನ ಮೇಲೆ ಇಟ್ಟಿದ್ದರು. “ಚಿತ್ರದಲ್ಲಿರೋ ಗೊಂಬೆ, ಒಳಗಿರೋ ಗೊಂಬೆ ಪಕ್ಕಪಕ್ಕ ಇಟ್ಟು ನೋಡ್ತೀನಿ. ಒಂದೇ ಥರ ಇದ್ರೆ ನಿಮ್ಮ ಹೆಸ್ರು. ಇಲ್ದಿದ್ರೆ ನಮ್ಮ ಡಬ್ಬಿ” ಎಂದ. ಸುಹಾನಾ ಆಯಿತು ಎಂದುಬಿಟ್ಟಳು. ಬಾಬಾಜಾನ್ ಮಗಳ ಮುಖ ನೋಡಿದರು.

ಆಮೇಲೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಗೊಂಬೆಯ ಮೈ ದುಂಡಗೆ, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಫೋಟೋ ತೆಗೆದರೆ ಹೊಟ್ಟೆಯ ಮೇಲೆ ಕಿಟಕಿಯೇ ಮೂಡುತ್ತಿತ್ತು. ಬಿಳಿ ಬಟ್ಟೆಯ ಮರೆ ಕಟ್ಟಿ ಅದನ್ನು ಅಳಿಸಿದಳು. ಪರದೆಯ ಮೇಲೆ ಗೊಂಬೆ ಜಗಜಗಿಸಿತು. ಆದರೆ ಡಬ್ಬಿ ಅಚ್ಚಾಗುವ ರಾಮನಗರದ ಪ್ರೆಸ್ಸಿನಲ್ಲಿ ಇರುವುದು ನಾಲ್ಕೇ ಇಂಕು: ನೀಲಿಯಂಥ ಸಯಾನ್, ಸೀರೆ ಅಂಗಡಿಯವರು ರಾಣಿ ಪಿಂಕ್ ಅನ್ನುವ ಮೆಜೆಂಟಾ, ಹಳದಿ, ಕಪ್ಪು. ಇಡೀ ಚಿತ್ರವನ್ನು ಆ ನಾಲ್ಕಕ್ಕೆ ಒಡೆಯಬೇಕು, ಒಂದೊಂದಕ್ಕೂ ಒಂದೊಂದು ಅಚ್ಚಿನ ಪ್ಲೇಟು. ಒಡೆದ ಕೂಡಲೇ ಪರದೆಯ ಮೇಲಿದ್ದ ಕೆಂಪು ಸಪ್ಪೆಯಾಗಿ, ಹಳದಿ ಹಳಸಿದ ಸಾರಿನಂತಾಯಿತು. ಅಪ್ಪ ಹೇಳುವ ಜ್ವರ ಇದೇ! ಅವಳು ಹಲ್ಲು ಕಚ್ಚಿ ಕೂತಳು. ಹಳದಿಯೊಳಗೆ ಕದ್ದು ಕೂತಿದ್ದ ಸಯಾನನ್ನು ಹೆಕ್ಕಿ ತೆಗೆದಳು, ಕೆಂಪಿಗೆ ಮೆಜೆಂಟಾ ಏರಿಸಿದಳು, ಮಡಿಕೆ ಬೀಳುವ ಅಂಚುಗಳ ಆಚೆಗೂ ಬಣ್ಣ ಹರಿಸಿ ಕತ್ತರಿಗೆ ಜಾಗ ಬಿಟ್ಟಳು. ಕೊನೆಗೆ ಪ್ರೆಸ್ಸಿನವರು ಕಳಿಸಿದ ಪ್ರೂಫು, ಅಂದರೆ ಮುದ್ರಣ ಹೀಗೆ ಬರುತ್ತದೆ ಎಂದು ತೋರಿಸುವ ಮಾದರಿ ಹಾಳೆ, ಕೈಗೆ ಬಂದಾಗ ಅಂಗಡಿಯಲ್ಲಿ ಒಬ್ಬಳೇ ಕುಣಿದಳು. ಪಕ್ಕದ ಚಪ್ಪಲಿ ಅಂಗಡಿಯವರು ಇಣುಕಿ ನೋಡಿ ಹೋದರು.

ಪ್ರೂಫಿಗೆ ಗಿರಾಕಿಯ ಸಹಿ ಬೇಕು. ಡಬ್ಬಿ ಮಾಡಿಸುತ್ತಿದ್ದದ್ದು ಸಂಘ, ಸಂಘದ ಅಧ್ಯಕ್ಷೆ ಸಿದ್ದಮ್ಮ. ಸುಹಾನಾ ದೊಡ್ಡಮಳೂರಿಗೆ ಹೋಗಿ ಹಾಳೆಯನ್ನು ಸಿದ್ದಮ್ಮನ ಕೈಗಿಟ್ಟು, “ಎಲ್ರಿಗೂ ತೋರ್ಸಿ, ಸೈನ್ ಹಾಕಿ, ಸುರುಳಿ ಸುತ್ತಿ ರಾಮನಗರದ ಬಸ್ಸಲ್ಲಿ ಕಳಿಸ್ಬುಡಿ ಸಿದ್ದಮ್ಮೋರೆ. ಪ್ರೆಸ್ನೋರು ಬಂದು ಇಳಿಸ್ಕೊತಾರೆ” ಎಂದಳು.

“ಆಯ್ತು ಕಣವ್ವ. ಎಷ್ಟು ಚೆಂದಾಗೈತೆ! ಥೇಟ್ ಮದುವಣಗಿತ್ತಿ” ಎಂದು ಸಿದ್ದಮ್ಮ ಗೊಂಬೆಯ ಚಿತ್ರಕ್ಕೆ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಮುದ್ರಣದ ದಿನ ಸುಹಾನಾ ಪ್ರೆಸ್ಸಿಗೆ ಹೊರಟಾಗ ಬಾಬಾಜಾನ್ ಕೂಡ ಹೊರಟು ನಿಂತರು. ಸಂಘದವರು ತಲೆ ಸೇರಿಸಿ ಮುಗಿಸಿಕೊಟ್ಟಿದ್ದ ಒಂದು ಗೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. “ನಿಮ್ಗ್ಯಾಕೆ ಅಬ್ಬಾ ತೊಂದ್ರೆ” ಅಂದರೆ, “ಮನೋಹರ್ ಸಾಬ್ ಮಧ್ಯಾಹ್ನ ಬರ್ತಾರಲ್ಲ, ಪಕ್ಕದಲ್ಲಿಡೋಕೆ ಗೊಂಬೆ ಬೇಡ್ವಾ?” ಎಂದರು. ಅಸಲಿಗೆ ಮಗಳು ಸೋತರೆ ಪಕ್ಕದಲ್ಲಿ ಯಾರಾದರೂ ಇರಲಿ ಎಂದೇ ಅವರು ಹೊರಟದ್ದು. ಅದು ಅವಳಿಗೂ ಗೊತ್ತಾಯಿತು.

ಪ್ರೆಸ್ಸಿನ ಬಾಗಿಲಲ್ಲೇ ಇಂಕಿನ ವಾಸನೆ, ಮಷೀನಿನ ದಡಬಡ. ಸುಹಾನಾಳಿಗೆ ಆ ಸದ್ದು ಕೇಳಿದರೆ ಸಾಕು, ಹಬ್ಬ. ಆದರೆ ಅವತ್ತು ಮಷೀನು ನಿಂತು ನಿಂತು ಓಡುತ್ತಿತ್ತು. ಆಪರೇಟರ್ ಲೋಕೇಶ್ ಬೆವರು ಒರೆಸಿಕೊಳ್ಳುತ್ತಾ ಬಂದ. ಹಳೆಯ ಪರಿಚಯದವನು, ಕೆಲಸದಲ್ಲಿ ಪಳಗಿದ ಕೈ.

“ಬನ್ನಿ ಮೇಡಂ. ಏನ್ ಪ್ರೂಫ್ ಕೊಟ್ಟಿದ್ದೀರ ನೀವು? ಹಳದಿ ಎಷ್ಟು ಸುರಿದ್ರೂ ಅದಕ್ಕೆ ಸಾಲ್ತಾನೇ ಇಲ್ಲ!”

ಮೇಜಿನ ಮೇಲೆ ಹಾಕಿದ್ದ ಹಾಳೆಗಳನ್ನು ನೋಡಿ ಸುಹಾನಾಳ ಜೀವ ಬಾಯಿಗೆ ಬಂತು. ಗೊಂಬೆಯ ಮುಖ ಕಾಮಾಲೆ ರೋಗಿಯದು. ಕೆಂಪು ಮೈ ಕಿತ್ತಳೆಗೆ ತಿರುಗಿತ್ತು. ಚಿತ್ರದ ಹಿನ್ನೆಲೆಯ ಹಸಿರು ಎಲೆಗಳು ಒಣಗುವ ಹುಲ್ಲಿನಂತೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

“ನಾನು ಮಾಡಿದ್ದು ಇದಲ್ಲ ಲೋಕೇಶಣ್ಣ!”

“ನೀವು ಮಾಡಿದ್ದು ನಂಗೊತ್ತಿಲ್ಲ ಮೇಡಂ. ಸೈನ್ ಆದ ಪ್ರೂಫೇ ನಂಗೆ ದೇವ್ರು. ಅದಕ್ಕೆ ಮ್ಯಾಚ್ ಮಾಡ್ಬೇಕು, ಮಾಡ್ತಿದೀನಿ. ನೋಡಿ” ಎಂದು ಅವನು ಪ್ರೂಫನ್ನು ಮುಂದೆ ಹಿಡಿದ. ಕೆಳಗೆ ಸಿದ್ದಮ್ಮನ ಸಹಿ ಇತ್ತು. ಅವನ ಮಾತೂ ಸರಿಯೇ. ಪ್ರೂಫಿನ ಗೊಂಬೆ ಮುದ್ರಣವಾದ ಗೊಂಬೆಗಿಂತಲೂ ಹಳದಿಯಾಗಿತ್ತು.

ಸುಹಾನಾ ದಂಗಾದಳು. ಇದೇ ಹಾಳೆಯನ್ನು ಅಂಗಡಿಯಲ್ಲಿ ನೋಡಿ ತಾನು ಕುಣಿದಿರಲಿಲ್ಲವೆ? ಬಣ್ಣ ಮಾಸುವುದನ್ನು ಕಂಡಿದ್ದಳು. ಬಸ್ಸಿನಲ್ಲಿ ಬರುತ್ತಾ ಬಣ್ಣ ಏರಿಸಿಕೊಳ್ಳುವ ಪ್ರೂಫನ್ನು ಯಾರು ಕಂಡಿದ್ದಾರೆ? ಲೋಕೇಶನ ಭೂತಗನ್ನಡಿ ತೆಗೆದುಕೊಂಡು ಗೊಂಬೆಯ ಮುಖದ ಮೇಲಿಟ್ಟು ಕಣ್ಣು ಹಚ್ಚಿದಳು. ಅಚ್ಚಾದ ಬಣ್ಣವೆಲ್ಲ ಭೂತಗನ್ನಡಿಯಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣಬೇಕು. ಚುಕ್ಕಿಗಳೇನೋ ಇದ್ದವು, ಆದರೆ ಅವುಗಳ ಮೇಲೆ ಚುಕ್ಕಿಯಿಲ್ಲದ ಒಂದು ಹಳದಿ ಪೊರೆ ಹರಡಿತ್ತು. ಅಲ್ಲಲ್ಲಿ ಪುಡಿಯ ಕಣ. ಹಾಳೆಯನ್ನು ಮೂಗಿನ ಹತ್ತಿರ ತಂದು ಮೂಸಿದಳು.

“ಅರಿಶಿನ!”

“ಏನಂದ್ರಿ?” ಎಂದ ಲೋಕೇಶ್. ಅವನೂ ಮೂಸಿದ. ಇಂಕಿನ ವಾಸನೆಯಲ್ಲಿ ಮುಳುಗಿದ ಮೂಗಿಗೆ ಅದು ಅಷ್ಟು ಹೊತ್ತೂ ಹತ್ತಿರಲಿಲ್ಲ.

ಸುಹಾನಾ ಸಿದ್ದಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

“ಹೂಂ ಕಣವ್ವ, ಹಚ್ಚಿದೆ. ಮೊದಲ್ನೇ ಹಾಳೆ ಅಲ್ವಾ? ಲಗ್ನಪತ್ರಿಕೆ ಮೊದಲ್ನೇದು ದೇವ್ರ ಮುಂದೆ ಇಕ್ಕಿ ನಾಕು ಮೂಲೆಗೂ ಅರಿಶಿನ ಹಚ್ಚಲ್ವಾ, ಹಂಗೇ. ಗುಡೀಗೂ ತಕ್ಕೊಂಡೋಗಿದ್ದೆ.”

“ಮೂಲೆಗೆ ಸರಿ ಸಿದ್ದಮ್ಮೋರೆ, ಗೊಂಬೆಗೆ?”

“ಗೊಂಬೆಗೂ ಹಚ್ಚಿದೆ. ಮಕಕ್ಕೆ, ಮೈಗೆ, ಒಸಿ ಒಸಿ ಸವರಿದೆ. ಹೆಣ್ಣುಮಗ ಕಣವ್ವ ಅದು! ಹೊಸಿಲು ದಾಟಿಸಿ ಕಳಿಸ್ಬೇಕಾದ್ರೆ ಅರಿಶಿನ ಹಚ್ದೆ ಕಳ್ಸಕಾಯ್ತದಾ? ಯಾಕೆ, ಏನಾದ್ರೂ ಎಡವಟ್ಟಾಯ್ತಾ?”

ಲೋಕೇಶ್ ಮಷೀನಿಗೆ ಒರಗಿ ನಗತೊಡಗಿದ. ಬಾಬಾಜಾನ್ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದರು. ಸುಹಾನಾಳಿಗೆ ಅಳುವೂ ಬಂತು, ನಗುವೂ ಬಂತು, ನಗು ಗೆದ್ದಿತು. “ಏನೂ ಆಗಿಲ್ಲ ಸಿದ್ದಮ್ಮೋರೆ, ನೀವು ಹಚ್ಚಿದ್ದು ಒಳ್ಳೇದೇ ಆಯ್ತು ಬುಡಿ” ಎಂದು ಫೋನಿಟ್ಟಳು. ಊರು ಕೇರಿಯಲ್ಲಿ ಹುಟ್ಟಿ ಬೆಳೆದವಳು, ಮೊದಲ ಹಾಳೆಗೆ ಅರಿಶಿನ ಬೀಳುತ್ತದೆ ಎಂದು ತನಗಾದರೂ ಹೊಳೆಯಬೇಡವೆ?

ನಗು ನಿಂತ ಮೇಲೆ ನೋಡಿದರೆ ಫಜೀತಿ ಹಾಗೇ ಇತ್ತು. ಅರಿಶಿನವನ್ನು ಒರೆಸಲು ಹೋದರೆ ಇನ್ನೂ ಹರಡಿಕೊಂಡಿತು. ಇನ್ನೊಂದು ಪ್ರೂಫು ಇರಲಿಲ್ಲ. ಹಳದಿಯನ್ನು ಬೆನ್ನಟ್ಟಿ ಹೋಗಿ ಲೋಕೇಶ್ ಹಾಳು ಮಾಡಿದ ರಟ್ಟಿನ ರಾಶಿ ಮೂಲೆಯಲ್ಲಿ ಬಿದ್ದಿತ್ತು. ಉಳಿದದ್ದು ಡಬ್ಬಿಗಳಿಗೂ ಒಂದೆರಡು ಪರೀಕ್ಷೆಗೂ ಸರಿಹೋಗುವಷ್ಟೇ. ಮಧ್ಯಾಹ್ನಕ್ಕೆ ಮನೋಹರ್ ಬರುತ್ತಾನೆ. ಸಂಜೆಯಿಂದ ಮಷೀನು ಬೇರೆಯವರ ಕೆಲಸಕ್ಕೆ.

“ಪ್ರೂಫ್ ಇಲ್ದೆ ನಾನ್ ಯಾವುದಕ್ಕೆ ಮ್ಯಾಚ್ ಮಾಡ್ಲಿ ಮೇಡಂ?” ಎಂದ ಲೋಕೇಶ್.

ಸುಹಾನಾ ಅಪ್ಪನ ಕಂಕುಳಿನಿಂದ ಟವೆಲ್ಲಿನ ಗಂಟನ್ನು ಎಳೆದುಕೊಂಡಳು. ಗೊಂಬೆಯನ್ನು ಬಿಚ್ಚಿ ಬಣ್ಣ ನೋಡುವ ಮೇಜಿನ ಬಿಳಿ ದೀಪದ ಕೆಳಗೆ ನಿಲ್ಲಿಸಿದಳು. ಗೊಂಬೆ ತಲೆಯಾಡಿಸಿತು.

“ಇದಕ್ಕೆ.”

“ಮರದ ಗೊಂಬೆಗಾ? ದುಂಡಗಿರೋ ವಸ್ತುವಿಗೆ ಚಪ್ಪಟೆ ಹಾಳೆ ಮ್ಯಾಚ್ ಮಾಡೋದಾ?”

“ಮನೋಹರ್ ಸರ್ ನೋಡೋದೂ ಇದನ್ನೇ ತಾನೆ ಲೋಕೇಶಣ್ಣ? ಹಳದಿ ಕೆಳಗಿಳಿಸಿ. ಎಲ್ಲಾ ಬಣ್ಣಾನೂ ಮಾಮೂಲಿ ಮಟ್ಟಕ್ಕೆ ತನ್ನಿ. ಅಲ್ಲಿಂದ ಶುರು ಮಾಡೋಣ.”

ಲೋಕೇಶ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಅವನ ಮುಖದಲ್ಲೂ ಹುರುಪು ಹತ್ತಿತು. ವರ್ಷಗಟ್ಟಲೆ ಪಾರ್ಟಿ ಪೋಸ್ಟರು, ಬಿಲ್ ಪುಸ್ತಕ, ಕರಪತ್ರ ಒತ್ತಿದವನಿಗೆ ಇಂಥ ಪಂದ್ಯ ದಿನಾ ಸಿಗುತ್ತದೆಯೆ? ಇಂಕಿನ ತಿರುಪುಗಳನ್ನು ಹಿಂದಕ್ಕೆ ತಿರುಗಿಸಿ, ಹಾಳೆಯ ಅಂಚಿನಲ್ಲಿ ಅಳತೆಗೆಂದು ಅಚ್ಚಾಗುವ ಬಣ್ಣದ ಪಟ್ಟಿ ನೋಡಿ ನೋಡಿ ಸರಿಮಾಡಿದ. ಮಷೀನು ದಡಬಡನೆ ಎದ್ದಿತು. ಹೊಸ ಹಾಳೆ ಬಂತು. ಮೂವರೂ ಮೇಜಿಗೆ ಬಾಗಿದರು.

ಹಳದಿ ಕೂತಿತ್ತು! ಸುಹಾನಾ ಅಪ್ಪನ ತೋಳು ಹಿಡಿದು ಅಲ್ಲಾಡಿಸಿದಳು. ಆದರೆ ಕೆಂಪು? ಕೆಂಪು ಮಂಕಾಗಿತ್ತು, ಮೇಲೆ ಮಸಿ ಸವರಿದಂತೆ. ಬಾಬಾಜಾನ್ ತಲೆಯಾಡಿಸಿದರು, ಗೊಂಬೆಗಿಂತ ನಿಧಾನವಾಗಿ. “ಹೋಗ್ಲಿ ಬಿಡು ಬೇಟಿ. ಹೇಳಿದ್ನಲ್ಲ, ಕಾಗದ ಅಷ್ಟೇ ಹಿಡ್ಯೋದು. ಬೇಕಾದ್ರೆ ಇನ್ನೊಂದಿಷ್ಟು ಕೆಂಪು ಹಾಕ್ಸು.”

ಲೋಕೇಶನೂ ಮೆಜೆಂಟಾದ ತಿರುಪಿಗೆ ಕೈ ಹಾಕಿದ. “ಬೇಡ!” ಎಂದು ಸುಹಾನಾ ಕೂಗಿದ ಸದ್ದಿಗೆ ಆಫೀಸಿನ ಕೋಣೆಯಿಂದ ಯಾರೋ ಎದ್ದು ಬಂದರು. ಅವಳು ಭೂತಗನ್ನಡಿಯನ್ನು ಚಿತ್ರದ ಗೊಂಬೆಯ ಮೈಯ ನೆರಳಿನ ಕಡೆಗೆ ಸರಿಸಿ ನೋಡಿದಳು. ಕೆಂಪಿನ ಚುಕ್ಕಿಗಳು ತುಂಬಿ ತುಳುಕುವಷ್ಟಿದ್ದವು. ಅವುಗಳ ನಡುವೆ ಕಪ್ಪು ಚುಕ್ಕಿಗಳು. ಪ್ರೂಫು ಬಂದದ್ದು ಬೆಳ್ಳನೆಯ ನುಣುಪು ಕಾಗದದ ಮೇಲೆ, ಅಲ್ಲಿ ಈ ಕಪ್ಪು ಚಿಕ್ಕದಾಗಿ ಚೊಕ್ಕವಾಗಿ ನಿಂತಿತ್ತು. ರಟ್ಟು ಇಂಕು ಹೀರಿಕೊಂಡು ಒಂದೊಂದು ಚುಕ್ಕಿಯೂ ಊದಿಕೊಂಡಿತ್ತು. ಫೋಟೋವನ್ನು ನಾಲ್ಕು ಬಣ್ಣಕ್ಕೆ ಒಡೆದಾಗ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ನೆರಳಿಗೆ ತುಂಬಿದ ಕಪ್ಪು ಅದು.

“ಕೆಂಪು ಕಮ್ಮಿ ಆಗಿಲ್ಲ ಅಬ್ಬಾ. ಕಪ್ಪು ಜಾಸ್ತಿ ಆಗಿದೆ. ಬಣ್ಣ ಹಾಕೋದು ಬೇಡ, ತೆಗೀಬೇಕು.”

“ತೆಗೆದ್ರೆ ನೆರಳು ಎಲ್ಲಿಂದ ಬರ್ತದೆ? ಗೊಂಬೆ ರೊಟ್ಟಿ ಥರ ಆಗಲ್ವಾ?”

“ಸಯಾನ್ ಇದೆ. ನೆರಳಿಗೆ ಅಷ್ಟು ಸಾಕು.”

ಹೇಳುವುದೇನೋ ಹೇಳಿದಳು. ಕಪ್ಪು ತೆಗೆದ ಮೇಲೆ ಗೊಂಬೆ ನಿಜವಾಗಿಯೂ ರೊಟ್ಟಿಯಾದರೆ? ರಟ್ಟೂ ಇಲ್ಲ, ಹೊತ್ತೂ ಇಲ್ಲ. ಅಪ್ಪನ ಹೆಸರು ಮತ್ತೆ ಯಾರದೋ ಡಬ್ಬಿಯೊಳಗೆ. ಅವಳು ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತಳು. ಕಪ್ಪಿನ ಪದರವೊಂದನ್ನೇ ತೆರೆದಳು. ತುರುಬಿನ ಕಪ್ಪು, ಕಣ್ಣಿನ ಕಪ್ಪು, ಅಕ್ಷರಗಳ ಕಪ್ಪು ಇರಲಿ. ಕೆಂಪು ಮೈಯ ಮೇಲಿನದನ್ನು ಮಾತ್ರ ಅಂಚಿನಿಂದ ಮೆಲ್ಲಗೆ ಸವರಿ ಸವರಿ ಅಳಿಸಿದಳು. ಪಕ್ಕದ ಕೋಣೆಯಲ್ಲಿ ಹೊಸ ಕಪ್ಪು ಪ್ಲೇಟು ತಯಾರಾಯಿತು. ಲೋಕೇಶ್ ಹಳೆಯದನ್ನು ಬಿಚ್ಚಿ ಹೊಸದನ್ನು ಬಿಗಿದ. “ಬಿಸ್ಮಿಲ್ಲಾ ಅನ್ನಿ ಮೇಡಂ” ಎಂದ. ಅಂದಳು. ಅವನು ಮಷೀನಿಗೆ ಕೈಮುಗಿದು ಗುಂಡಿ ಒತ್ತಿದ.

ಮೊದಲ ಹಾಳೆಗಳು ಯಾವಾಗಲೂ ಹಾಳು, ಅವನ್ನು ಯಾರೂ ನೋಡಲಿಲ್ಲ. ಇಂಕು ಒಂದು ಹದಕ್ಕೆ ಬಂದ ಮೇಲೆ ಲೋಕೇಶ್ ಒಂದನ್ನು ಎಳೆದು ಮೇಜಿನ ಮೇಲೆ ಹಾಸಿದ.

ಕೆಂಪು ಹೊತ್ತಿಕೊಂಡಿತ್ತು. ಹಾಳೆಯ ಮೇಲೆ ಗೊಂಬೆ ದುಂಡಗೆ ಕೂತಿತ್ತು, ಹೊಟ್ಟೆಯ ಮೇಲೆ ಅದೇ ಹೊಳಪು, ಬದಿಯಲ್ಲಿ ಅದೇ ನೆರಳು. ಪಕ್ಕದಲ್ಲಿ ನಿಂತ ಮರದ ಗೊಂಬೆಯನ್ನು ಲೋಕೇಶ್ ಒಮ್ಮೆ ಹಾಳೆಯ ಮೇಲಕ್ಕೇ ತಂದಿಟ್ಟ, ಒಮ್ಮೆ ದೂರ ಇಟ್ಟ. “ಅಬ್ಬಬ್ಬಾ! ಇದೇನ್ ಮೇಡಂ ಇದು!” ಎಂದು ತೊಡೆ ತಟ್ಟಿದ. ಸುಹಾನಾಳಿಗೆ ಕಿರುಚಬೇಕು ಅನ್ನಿಸಿತು. ಕಿರುಚಿಯೂಬಿಟ್ಟಳು. ಮಷೀನಿನ ಸದ್ದಿನಲ್ಲಿ ಅದು ಯಾರಿಗೂ ಹೆಚ್ಚೆನಿಸಲಿಲ್ಲ.

ಮನೋಹರ್ ಬಂದ. ಅವನದು ಯಾರ ಮಾತನ್ನೂ ನಂಬುವ ಜಾಯಮಾನವಲ್ಲ. ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಗೊಂಬೆ ಹಿಡಿದು ಹೊರಗೆ ಬಿಸಿಲಿಗೆ ಹೋದ. ನೆರಳಿಗೆ ಬಂದ. ಮತ್ತೆ ಬಿಸಿಲಿಗೆ ಹೋದ. ಸುಹಾನಾ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. “ಸರಿ” ಎಂದ ಅವನು ಕೊನೆಗೆ, “ಹೆಸ್ರು ನಿಮ್ಮದೇ ಇರ್ಲಿ. ಓಡ್ಸಿ” ಎಂದು ಗೊಂಬೆಯನ್ನು ಅವಳ ಕೈಗಿತ್ತು ಕಾರು ಹತ್ತಿದ.

ಒಳಗೆ ಲೋಕೇಶ್ ಒಪ್ಪಿಗೆಯಾದ ಹಾಳೆಯನ್ನು ಮೇಜಿನ ಮೇಲೆ ಹರಡಿ ಪೆನ್ನು ಹಿಡಿದು ಕಾಯುತ್ತಿದ್ದ. “ಸೈನ್ ಬೇಕು ಮೇಡಂ. ಇದನ್ನ ಮಷೀನ್ ಪಕ್ಕ ಕ್ಲಿಪ್ ಹಾಕಿ, ಕೊನೇ ಹಾಳೆವರೆಗೂ ಇದನ್ನೇ ನೋಡ್ಕೊಂಡು ಓಡ್ಸೋದು. ಒರಿಜಿನಲ್ ಯಾರದೋ ಅವರ ಸೈನು.”

ಸುಹಾನಾ ಪೆನ್ನು ತೆಗೆದುಕೊಂಡು ಅಪ್ಪನ ಕಡೆಗೆ ಚಾಚಿದಳು. “ಒರಿಜಿನಲ್ ನಿಮ್ಮದು ಅಬ್ಬಾ.”

ಬಾಬಾಜಾನ್ ಅಂಗೈಯನ್ನು ಟವೆಲ್ಲಿಗೆ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು. ಡಬ್ಬಿಯ ಬದಿಯಲ್ಲಿ ಸಿದ್ದಮ್ಮನ ಸಂಘದ ಹೆಸರಿನ ಕೆಳಗೆ ತಮ್ಮ ಹೆಸರು ಅಚ್ಚಾಗಿದ್ದದ್ದು ಅವರಿಗೆ ಕಂಡಿತು. ಅದರ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಪೆನ್ನು ಹಿಡಿದು, “ಎಲ್ಲಿ ಹಾಕ್ಲಿ?” ಎಂದರು.

“ಎಲ್ಲಾದ್ರೂ ಹಾಕಿ ಭಾಯ್, ಇಲ್ಲೇ ದೊಡ್ಡದಾಗಿ ಹಾಕಿ” ಎಂದು ಲೋಕೇಶ್ ಗೊಂಬೆಯ ಕೆಂಪು ಮೈ ತೋರಿಸಿದ.

ಬಾಬಾಜಾನ್ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರು.

“ಗೊಂಬೆ ಮೇಲೆ ಬೇಡಪ್ಪ,” ಎಂದರು, “ಅರಗಿನ ಮೇಲೆ ಗೀರು ಬೀಳ್ತದೆ.”

ಲೋಕೇಶ್ ನಗಲು ಹೋಗಿ ಸುಹಾನಾಳ ಮುಖ ನೋಡಿ, ಬೆರಳನ್ನು ಹಾಳೆಯ ಅಂಚಿಗೆ ಸರಿಸಿದ. ಅವಳ ಕಣ್ಣು ತುಂಬಿ ಬಂದಿತ್ತು. ಬಾಬಾಜಾನ್ ಹಾಳೆಯ ಬಿಳಿ ಅಂಚಿಗೆ ಬಾಗಿ, ಗೊಂಬೆಗೆ ಕೈ ತಗುಲದಂತೆ ಹುಷಾರಾಗಿ, ತಮ್ಮ ಹೆಸರು ಬರೆದರು.